ಮರಣವಾರ್ತೆ

ಕೇಳುವವರೇ ಇಲ್ಲವೆಂದು ಇಗರ್ಜಿಯವರು ತಮ್ಮ ಪುಟ್ಟ ರೇಡಿಯೊ ಕೇಂದ್ರವನ್ನು ಮುಚ್ಚಲು ತೀರ್ಮಾನಿಸಿದ್ದರು. ಸಂಜೆಯ ಪ್ರಾರ್ಥನೆಯ ಬಳಿಕ ಅಲ್ಲಿ ಊರಿನ ಮರಣವಾರ್ತೆ ಓದುತ್ತಿದ್ದವರು ಸೆಲಿನ್ ಬಾಯಿ. ಕೊನೆಯ ವಾರ ಅವರಿಗೊಂದು ಫೋನ್ ಬಂತು.

"ಗುಡ್ಡೆಯ ಮೇಲಿನ ಗಿಲ್ಬರ್ಟ್ ತೀರಿಹೋದ್ರು ಬಾಯಿ. ರೇಡಿಯೊದಲ್ಲಿ ಸ್ವಲ್ಪ ಹೇಳ್ತೀರಾ?"

"ಅವರಿಗೆ ಮನೆಯವರು ಯಾರೆಲ್ಲ ಇದ್ದಾರೆ?"

"ಯಾರೂ ಇಲ್ಲ."

"ನೀವು?"

"ನಾನು ಪಕ್ಕದ ಮನೆಯವ."

ತಮಗೂ ಯಾರೂ ಇಲ್ಲದ ಸೆಲಿನ್ ಬಾಯಿ ಆ ಸುದ್ದಿಯನ್ನು ನಿಧಾನವಾಗಿ, ಎರಡು ಸಲ ಓದಿದರು. ಮರುದಿನ ಬೆಳಿಗ್ಗೆ ಹೂ ಹಿಡಿದು ಗುಡ್ಡೆ ಹತ್ತಿದರು. ಅಂಗಳದಲ್ಲಿ ಜನ ಇರಲಿಲ್ಲ. ಸುತ್ತ ಬೇರೆ ಮನೆಯೂ ಕಾಣಲಿಲ್ಲ. ಇಸ್ತ್ರಿ ಹಾಕಿದ ಅಂಗಿ ತೊಟ್ಟ ಮುದುಕನೊಬ್ಬ ಬಾಗಿಲು ತೆರೆದು, ಅವರ ಬೆನ್ನ ಹಿಂದಿನ ದಾರಿಯನ್ನು ನೋಡಿದ.

"ಗಿಲ್ಬರ್ಟ್ ನಾನೇ ಬಾಯಿ. ನೀವೊಬ್ಬರೇ ಬಂದದ್ದಾ? ನಾನು ತುಂಬ ಜನಕ್ಕೆ ಚಾ ಇಟ್ಟಿದ್ದೆ."