ಓಡಿ ಬಂದ ಮೈಗೆ ಕಂಬಳಿ

“ಅಜ್ಜಾ, ಮೊದಲ ಆ ಕಂಬಳಿ ತಗೀರಿ!” ಎಂದು ದವಾಖಾನೆಯ ನರ್ಸ್ ಉಜ್ವಲಾ ಕೂಗಿದರೂ ರಾಚಯ್ಯ ಅದನ್ನು ಬಿಡಲಿಲ್ಲ. ಪೊಲೀಸ್ ಭರ್ತಿಯ ತಯಾರಿಗೆಂದು ಉಮರ್ಗಾದ ಸುಡುಬಿಸಿಲಲ್ಲಿ ಓಡಿದ ಹದಿನೇಳರ ಮೊಮ್ಮಗಳು ವಿಜಯಶ್ರೀ ಮೈದಾನದಲ್ಲೇ ಕುಸಿದಿದ್ದಳು. ಬಂಡಿ ಓಟದ ಶರ್ಯತ್ತಿನಿಂದ ಬಂದ ಎತ್ತಿಗೆ ಮಾಡುವ ಹಾಗೆಯೇ ಅವನು ಅವಳಿಗೂ ಮಾಡಿದ್ದ. ಗಾಳಿ ಬಡಿಯಬಾರದೆಂದು ಕಂಬಳಿ ಸುತ್ತಿದ್ದ, ಮೈ ಬಿಸಿ ಇರುವಾಗ ನೀರು ಬೇಡವೆಂದು ತಡೆದಿದ್ದ.

“ಈಗ ಆರಾಮ ಆಗ್ಯಾಳರೀ ನರ್ಸಬಾಯಿ. ನೋಡ್ರಿ, ಬೆವರು ಸೈತ ನಿಂತದ.”

ಉಜ್ವಲಾ ಅವನ ಕೈಯನ್ನೇ ಹಿಡಿದು ಕಂಬಳಿಯೊಳಗೆ ಹುಡುಗಿಯ ಬೆನ್ನಿನ ಮೇಲಿಟ್ಟಳು. ಒಲೆಯ ಮೇಲಿನ ಹಂಚಿನಂತೆ ಆ ಬೆನ್ನು ಒಣಗಿ ಸುಡುತ್ತಿತ್ತು. “ಬೆವರು ನಿಂತದ್ದೇ ಖತರಾ ಅದ, ಅಜ್ಜಾ. ಒಳಗಿನ ಕಾವು ಹೊರಗ ಬರ್ಲಾಕ ಹಾದಿನೇ ಇಲ್ಲ,” ಎಂದವಳು ಹುಡುಗಿಯ ಕೆನ್ನೆ ತಟ್ಟಿದಳು. “ವಿಜಯಶ್ರೀ, ಇವರು ಯಾರು, ಹೇಳವ್ವಾ?”

ಹುಡುಗಿ ಕಣ್ಣು ತೆರೆದಳು. ದಿನಾ ಅವನ ರುಮಾಲು ಕಿತ್ತು ತನ್ನ ತಲೆಗೆ ಸುತ್ತಿಕೊಂಡು, “ಏ ಮುದುಕಾ” ಎಂದು ಕಾಡಿಸುತ್ತಿದ್ದವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. “ಗೊತ್ತಿಲ್ಲರೀ,” ಎಂದಳು.

ಕಂಬಳಿ ರಾಚಯ್ಯನ ಕೈಯಿಂದ ಜಾರಿತು. ಉಜ್ವಲಾ ನೀರಿನ ಬಕೆಟ್ ಎಳೆದು ತಂದಾಗ ಅವನು ತನ್ನ ರುಮಾಲು ಬಿಚ್ಚಿ, ನೀರಲ್ಲಿ ಅದ್ದಿ, ಅವಳ ಮೈತುಂಬ ಹರವತೊಡಗಿದ.

“ನಾನವ್ವಾ,” ಎನ್ನುತ್ತಿದ್ದ, “ನಾ ನಿನ್ನ ಮುದುಕಾ.”