ಗೊಲ್ಲತಿಯ ವೇಷ

ಹಪ್ಪಳ ಒತ್ತಲು ಬಗ್ಗಿದವಳ ಸೆರಗಿನಿಂದ ತಾಳಿ ಹೊರಗೆ ಜಾರಿತು. ಅವಳು ಅದನ್ನು ಲಗುಬಗೆಯಿಂದ ಒಳಗೆ ತುರುಕಿಕೊಂಡಳು. ಕ್ಷಮಾಳ ಕಣ್ಣಿಗೆ ಅಷ್ಟು ಸಾಕಾಯಿತು. ಮರೆಮಾಚುವಂಥ ತಾಳಿಯನ್ನು ಯಾರು ಕಟ್ಟಿರುತ್ತಾರೆ?

ಅವಳ ಹೆಸರು ಮನೋರಮಾ. ಹಿಂದಿನ ವಾರ ಕೋಟದ ಈ ಮನೆಯ ಬಾಗಿಲಿಗೆ ಒಂದು ಚೀಲ ಹಿಡಿದು ಬಂದು, "ಹಪ್ಪಳಕ್ಕೆ ಜನ ಬೇಕಾ?" ಎಂದು ಕೇಳಿದ್ದಳು. ಘಟ್ಟದ ಮೇಲಿನ ಮಾತು. ನಲವತ್ತರ ಆಸುಪಾಸು. ಹಲಸಿನಕಾಯಿಯ ಕಾಲ, ಕೈಗೆ ಜನ ಸಿಕ್ಕದ ಕಾಲ. ಕ್ಷಮಾ ಹಿಂದೆಮುಂದೆ ನೋಡದೆ ಒಳಗೆ ಕರೆದಳು. ಊರಿಗೆ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ!

ಮೊದಲ ದಿನವೇ ಅನುಮಾನ ಬರಬೇಕಿತ್ತು. ಕ್ಷಮಾ ಮರೆತು ಹುಳಿಗೆ ಬೆಲ್ಲ ಹಾಕಲು ಹೊರಟಾಗ ಇವಳು ಥಟ್ಟನೆ, "ಅವರಿಗೆ ಬೆಲ್ಲ ಆಗೋದಿಲ್ಲ ಅಲ್ವಾ?" ಎಂದಿದ್ದಳು. ತನ್ನ ಗಂಡನಿಗೆ ಆಗದ್ದು ಇವಳಿಗೆ ಹೇಗೆ ಗೊತ್ತು? ಮನೆಯೊಡತಿಯನ್ನು ಅಮ್ಮ ಅನ್ನುವುದು ಬಿಟ್ಟು ಬಾಯಿತುಂಬ "ತಂಗಿ, ತಂಗಿ" ಬೇರೆ. ಸಲಿಗೆಗೂ ಒಂದು ಮಿತಿ ಬೇಡವೇ?

ಆ ಮಧ್ಯಾಹ್ನ ಕಮಲಾಕ್ಷ ಊಟಕ್ಕೆ ಕೂತವನು ಬಡಿಸಲು ಬಂದ ಮನೋರಮಾಳ ಮುಖ ನೋಡಿದ. ಅರ್ಧ ಅನ್ನ ಬಿಟ್ಟು ಎದ್ದ. "ಬೈಂದೂರಲ್ಲಿ ಮದಿ ಅಡ್ಗಿ ಇತ್ತ್, ಹೋಯ್ ಬತ್ತೆ" ಎಂದು ಹೆಂಡತಿಗೆ ಹೇಳಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬಸ್ಸು ಹತ್ತಿದ. ಮದುವೆ ಅಡುಗೆಯೇ ಅವನ ಕಸುಬು. ಆದರೆ ಸೌಟು, ಜಾಲರಿ, ಮೆಟ್ಟುಕತ್ತಿ ಎಲ್ಲ ಮನೆಯಲ್ಲೇ ಬಿದ್ದಿದ್ದವು. ಬರಿಗೈಯಲ್ಲಿ ಯಾವ ಮದುವೆಗೆ ಅಡುಗೆ ಮಾಡುತ್ತಾನೆ? ಅಂದಿನಿಂದ ಫೋನು ಸ್ವಿಚ್ ಆಫ್.

ಸೌಟಿಗಿಂತ ಅವನ ನಾಲಗೆಯೇ ಚುರುಕು. ಬಿಡುವಿದ್ದಾಗ ತಾಳಮದ್ದಳೆಗೆ ಹೋಗಿ, ವೇಷವಿಲ್ಲದೆ ಬರೀ ಮಾತಿನಲ್ಲೇ ಅರ್ಜುನನಾಗಿ ಕೂರುತ್ತಿದ್ದ. "ದಶರಥನಿಗೆ ಮೂವರು, ಪಾಂಡುವಿಗೆ ಇಬ್ಬರು, ನಾನು ತೀರ್ಥಯಾತ್ರೆಗೆ ಹೋದಲ್ಲೆಲ್ಲ ಒಂದು ಮದುವೆ. ಎಷ್ಟು ಜನರಿದ್ದರೇನು, ಪಟ್ಟದ ರಾಣಿ ಒಬ್ಬಳೇ!" ಎಂದು ಗುಡುಗಿದರೆ ಹಾಲಾಡಿಯವರೆಗೂ ಚಪ್ಪಾಳೆ. ಸಭೆಯಲ್ಲಿ ಕೂತ ಕ್ಷಮಾ ಸೆರಗು ಸರಿಮಾಡಿಕೊಂಡು ಅತ್ತಿತ್ತ ನೋಡುತ್ತಿದ್ದಳು. ಪಟ್ಟದ ರಾಣಿಯ ಗತ್ತು ಅಂದರೆ ಅದು.

ಮದುವೆಯಲ್ಲೂ ಅವನದು ಪುರಾಣವೇ. ಹಿಂದೆಮುಂದೆ ಯಾರೂ ಇಲ್ಲದವನು, ಘಟ್ಟದ ಮೇಲೆ ಹೋಟೆಲುಗಳಲ್ಲಿ ದುಡಿದು ದುಡಿದು ಮದುವೆಯಾಗುವುದನ್ನೇ ಮರೆತವನು ಎಂದು ಹೇಳಿಕೊಂಡು ಈ ಮನೆಗೆ ಅಳಿಯನಾಗಿ ಬಂದ. ಹಾಸಿಗೆ ಹಿಡಿದಿದ್ದ ಅಪ್ಪಯ್ಯ, "ಒಂದ್ ರಿಜಿಸ್ಟರ್ ಮಾಡ್ಸಿ ಬಿಡುವ" ಎಂದಾಗ ನಕ್ಕುಬಿಟ್ಟ. "ಶಕುಂತಲೆಯನ್ನ ಗಾಂಧರ್ವದಗೆ ವರಿಸುವಾಗ ದುಷ್ಯಂತ ಯಾವ ಆಫೀಸಿಗ್ ಹೋಯಿದ್ದ, ಮಾವಯ್ಯ?" ಅಪ್ಪಯ್ಯನೂ ನಕ್ಕರು. ದೇವರ ಮುಂದೆ ನಾಲ್ಕು ಜನರ ಎದುರು ತಾಳಿ ಬಿತ್ತು. ಎಂಟು ವರ್ಷದ ಸಂಸಾರ. ಅಪ್ಪಯ್ಯನೂ ಹೋದ ಮೇಲೆ ಕ್ಷಮಾಳಿಗೆ ತನ್ನವನು ಅಂತ ಇದ್ದವನು ಅವನೊಬ್ಬನೇ. ಅವನನ್ನು ಈ ಘಟ್ಟದವಳಿಗೆ ಬಿಟ್ಟುಕೊಡುವುದೇ? ಸತ್ತರೂ ಇಲ್ಲ.

"ಅದನ್ನ ಕಟ್ಟಿದ್ದ್ ಯಾರ್?" ಕ್ಷಮಾ ಕೇಳಿಯೇಬಿಟ್ಟಳು.

"ಯಾವುದನ್ನ?"

"ಸೆರಗಿನಡಿ ಹುಗ್ಸಿ ಇಟ್ಕಂಡದ್ದನ್ನ."

ಮನೋರಮಾ ಹಿಟ್ಟಿನ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು ಒತ್ತಿದಳು. "ಗಂಡ ಕಟ್ಟಿದ್ದು. ಮತ್ಯಾರು ಕಟ್ತಾರೆ?"

"ಗಂಡ ಎಲ್ಲಿದ್ದ ಈಗ?"

"ಬೈಂದೂರಿಗೆ ಹೋದ್ರು ಅಂತ ನೀನೇ ಹೇಳಿದ್ಯಲ್ಲ, ತಂಗಿ."

ಅಬ್ಬಾ ಧೈರ್ಯವೇ! ಕ್ಷಮಾ ಕಾಲಿಗೆ ಸಿಕ್ಕ ಚಾಪೆಯನ್ನು ಒದ್ದಳು. ಹಸಿ ಹಪ್ಪಳವೆಲ್ಲ ಅಂಗಳದ ಮಣ್ಣಿಗೆ ಬಿತ್ತು.

"ನಾಚ್ಕಿ ಆತಿಲ್ಯಾ ನಿಂಗೆ? ಎಂತಕ್ ಬಂದದ್ದ್ ಇಲ್ಲಿಗೆ?"

"ನಿನ್ನನ್ನ ನೋಡೋದಕ್ಕೆ."

"ನೋಡೂಕಲ್ಲ, ನನ್ ಕಾಲ್ ಹಿಡೂಕೆ! ಆ ಕಥೆ ನಂಗೂ ಗೊತ್ತಿತ್ತ್. ಸುಭದ್ರೆಯನ್ನ ಕಟ್ಕಂಡ್ ಬಂದ ಅರ್ಜುನನಿಗೆ ದ್ರೌಪದಿಯ ಹೆದ್ರಿಕೆ. ಅದ್ಕೆ ಸುಭದ್ರೆಗೆ ಗೊಲ್ಲತಿಯ ವೇಷ ಹಾಕ್ಸಿ ಕಳ್ಸಿದ. ಅವ್ಳ್ ಕಾಲಿಗ್ ಬಿದ್ದ್ 'ನಾ ನಿನ್ನ ದಾಸಿ' ಅಂದ್ಳ್. ದ್ರೌಪದಿ ಕರಗಿ ಅಪ್ಕಂಡ್ಳ್. ಹಪ್ಪಳದ ಹೆಂಗ್ಸಿನ ವೇಷ ಹಾಕ್ಕಂಡ್ ಬಂದ್ರೆ ನಾನೂ ಕರಗ್ತೆ ಅಂದೇಳಿ ಮಾಡಿದ್ಯಾ?"

ಮನೋರಮಾ ಮಣ್ಣಿಗೆ ಬಿದ್ದ ಹಪ್ಪಳಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು. ಆ ಸಮಾಧಾನ ಕ್ಷಮಾಳಿಗೆ ಉರಿವ ಒಲೆಗೆ ಎಣ್ಣೆ ಸುರಿದ ಹಾಗಾಯಿತು. ಒಳಗೆ ಓಡಿ ಅವಳ ಚೀಲ ತಂದು ಗೇಟಿನತ್ತ ಎಸೆದಳು.

"ನಡಿ! ಇಲ್ದಿರೆ ಪೊಲೀಸ್ರನ್ನ ಕರೀತೆ. ಪುರಾಣದ ಕಾಲ ಅಲ್ಲ ಇದ್. ಕಟ್ಕಂಡ ಹೆಂಡ್ತಿ ಬದ್ಕಿಪ್ಪತಿಗೆ ಎರಡ್ನೇದವಳಿಗೆ ತಾಳಿ ಕಟ್ರೂ ಅಷ್ಟೆ, ಬಿಟ್ರೂ ಅಷ್ಟೆ. ಅವ್ಳ್ ಹೆಂಡ್ತಿಯೇ ಅಲ್ಲ. ಕಾನೂನ್ ಹೇಳತ್ತ್. ಗೊತ್ತಿತ್ತಾ?"

ಮನೋರಮಾಳ ಕೈ ನಿಂತಿತು. ಮೊದಲ ಸಲ ಅವಳ ಕಣ್ಣಲ್ಲಿ ನೀರು ಕಂಡಿತು. ಸೋತಳು, ಎಂದುಕೊಂಡಳು ಕ್ಷಮಾ.

"ಗೊತ್ತು" ಎಂದಳು ಮನೋರಮಾ. "ಅದನ್ನೇ ನಿನಗೆ ಹೇಗೆ ಹೇಳೋದು ಅಂತ ತಿಳೀದೆ ಇಷ್ಟು ದಿನ ಸುಮ್ಮನಿದ್ದೆ. ಅವರು ನನಗೆ ಇದನ್ನ ಕಟ್ಟುವಾಗ ನೀನು ಇನ್ನೂ ಶಾಲೆಗೆ ಹೋಗ್ತಿದ್ದೆ, ತಂಗಿ."