ಸ್ಟೂಲು ಬಿಡದ ಅತ್ತೆ

ಮಾನವ್ವನ ಎಡಗೈ ಬಾತು ನೀಲಿಗಟ್ಟಿತ್ತು. ಹೇಗಾಯಿತೆಂದು ನರ್ಸ್ ಶಶಿರೇಖಾ ಕೇಳಿದರೆ, ಉತ್ತರ ಬಂದದ್ದು ಸ್ಟೂಲಿನ ಮೇಲೆ ಕೂತಿದ್ದ ಅತ್ತೆಯಿಂದ.

"ಬಚ್ಚಲದಾಗ ಜಾರಿ ಬಿದ್ದಾಳ್ರಿ."

ಪಕ್ಕದಲ್ಲಿ ನಿಂತಿದ್ದ ಗಂಡ ಹೌದೆಂದು ತಲೆಯಾಡಿಸಿದ. ಮಾನವ್ವ ನೆಲ ನೋಡುತ್ತಿದ್ದಳು. ಜಾರಿ ಬಿದ್ದವರ ತೋಳಿನ ಮೇಲೆ ಬೆರಳಿನ ಗುರುತು ಮೂಡುವುದಿಲ್ಲ ಎಂಬುದು ಶಶಿರೇಖಾಗೆ ಗೊತ್ತಿತ್ತು. ಇವಳೊಬ್ಬಳೇ ಸಿಗಬೇಕು, ಐದು ನಿಮಿಷ ಸಾಕು.

"ನೀವು ಹೋಗಿ ಎಕ್ಸ್‌ರೇ ಚೀಟಿ ಮಾಡಿಸಿಕೊಂಡು ಬರ್ರಿ" ಎಂದು ಗಂಡನನ್ನು ಸಾಗಹಾಕಿದಳು. ಅವನು ಬಾಗಿಲಲ್ಲಿ ತಿರುಗಿ ತಾಯಿಗೆ ಹೇಳಿದ, "ಇಲ್ಲೇ ಕುಂದರ ಯವ್ವಾ. ಆಕಿನ್ನ ಒಬ್ಬಾಕಿನ್ನ ಬಿಡಬ್ಯಾಡ."

ಅವನು ಮರೆಯಾದ ಮೇಲೆ ಶಶಿರೇಖಾ ಹೇಳಿದಳು, "ಯಮ್ಮಾ, ನೀವೂ ಸ್ವಲ್ಪ ಹೊರಗ ಕುಂದರ್ರಿ."

"ನಾ ಇಲ್ಲೇ ಇರತೀನ್ರಿ."

"ಪೇಶಂಟ್ ಒಬ್ಬಾಕಿನ್ನೇ ನೋಡಬೇಕ್ರಿ. ಇಲ್ಲಿ ರೂಲ್ ಐತಿ."

"ಇರಲಿ ಬಿಡ್ರಿ."

ಮುದುಕಿ ಕದಲಲಿಲ್ಲ. ಅವಳ ಕಣ್ಣೆಲ್ಲ ಬಾಗಿಲಿನ ಮೇಲೆ. ಶಶಿರೇಖಾ ಚಡಪಡಿಸಿದಳು. ಚೀಟಿ ಮಾಡಿಸುವ ಕಡೆ ಇವತ್ತು ಜನ ಕಡಿಮೆ, ಅವನು ಯಾವ ಗಳಿಗೆಯಲ್ಲಾದರೂ ಬಂದಾನು. ಆಯಾಳನ್ನು ಕರೆದು ಈಕೆಯನ್ನು ಎಬ್ಬಿಸಲೇ ಎಂದುಕೊಳ್ಳುವಷ್ಟರಲ್ಲಿ ಮುದುಕಿ ತಾನೇ ಎದ್ದು ಬಾಗಿಲಿಗೆ ಹೋದಳು. ವರಾಂಡದುದ್ದಕ್ಕೂ ಇಣುಕಿ ನೋಡಿದಳು. ಅಂತೂ ಹೊರಟಳು ಎಂದು ಶಶಿರೇಖಾ ಉಸಿರು ಬಿಟ್ಟಳು.

ಮುದುಕಿ ಒಳಗಿನಿಂದ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಲಗೂನ ಬರಕೋರಿ ನರ್ಸಬಾಯಾರ. ಹೊಡದಾಂವ ನನ್ನ ಮಗ, ಸಾಕ್ಷಿ ಹೇಳಾಕಿ ನಾ."